ನೆಲ್ಲಿಬಾಯಿಯ ಗ್ರೌಂಡು

"ಹಿಂದೆ ಬನ್ನಿ, ಹಿಂದೆ... ಇನ್ನೂ ಸ್ವಲ್ಪ... ಹಾಂ, ಸಾಕು ಮಾರ್ರೆ!"

ಪ್ರವೀಣ್ ಎರಡೂ ಕೈ ಎತ್ತಿ ಬಿಳಿ ಜೀಪನ್ನು ನಿಲ್ಲಿಸಿದ. ಅದರ ಹಿಂದಿನ ಚಕ್ರ, ಮೈದಾನದ ನಡುವೆ ಮಕ್ಕಳು ನಿಂತು ಚೆಂಡೆಸೆಯುವ ಮಣ್ಣಿನ ದಿಬ್ಬವನ್ನು ಹತ್ತಿ ಅಲ್ಲಿಯೇ ಕೂತಿತು. ಪ್ರವೀಣನಿಗೆ ಅದು ದಿಬ್ಬವೆಂದು ಗೊತ್ತಿರಲಿಲ್ಲ, ಗೊತ್ತಾಗುವಷ್ಟು ಪುರುಸೊತ್ತೂ ಇರಲಿಲ್ಲ. ಟುಬ್ಲಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅವನು ಊರಿನವರ ಬಳಗದ ಕಾರ್ಯದರ್ಶಿ. ಮದುವೆಯಿರಲಿ, ಮರಣವಿರಲಿ, ಬಹರೈನಿನಲ್ಲಿ ಮಂಗಳೂರು ಕಡೆಯವರ ಕಾರುಗಳಿಗೆ ಜಾಗ ಹುಡುಕಿಕೊಡುವವನು ಅವನೇ. ಈ ಗುಫೂಲಿನ ಗಲ್ಲಿಗಳಲ್ಲಿ ಶುಕ್ರವಾರ ಸೈಕಲು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಹಾಗಾಗಿ ನೆಲ್ಲಿಬಾಯಿಯ ಅಂತಿಮ ದರ್ಶನಕ್ಕೆ ಬರುವವರು ಅವರ ಬಿಲ್ಡಿಂಗಿನ ಹಿಂದಿನ ಗ್ರೌಂಡಿನಲ್ಲಿ ಕಾರು ನಿಲ್ಲಿಸಬಹುದೆಂದು ಅವನು ನಿನ್ನೆಯೇ ಎಲ್ಲರ ಮೊಬೈಲಿಗೂ ಹಾಕಿಬಿಟ್ಟಿದ್ದ.

ಮೇಲಿನ ಬಾಲ್ಕನಿಯಿಂದ ನೆಲ್ಲಿಯ ಗಂಡ ಜೊಕಿಮ್ ಇದನ್ನು ನೋಡಿದ. ಕರಿ ಕೋಟಿನ ಗುಂಡಿ ಹಾಕುತ್ತಿದ್ದ ಕೈ ಅಲ್ಲೇ ನಿಂತಿತು.

"ಗ್ರೌಂಡಿಗೆ ಕಾರು ಬಿಟ್ಟಿದ್ದಾರೆ" ಅಂದ.

ಒಳಗೆ ಮೇಣದಬತ್ತಿ ಜೋಡಿಸುತ್ತಿದ್ದ ನಾದಿನಿ ರೆಜಿನಾ ತಲೆಯೆತ್ತಲಿಲ್ಲ. ಅಕ್ಕ ಹೋದ ಸುದ್ದಿ ಕೇಳಿ ಸೇತುವೆಯಾಚೆಯ ಅರಾದಿನಿಂದ ಓಡಿಬಂದವಳು ಎರಡು ದಿನದಿಂದ ಸರಿಯಾಗಿ ಕೂತಿರಲಿಲ್ಲ. "ಬಿಡಿ ಭಾವ. ಇವತ್ತೊಂದು ದಿನ ಅಲ್ವಾ?"

"ಡ್ಯಾಡಿ, ಪ್ಲೀಸ್" ಎಂದ ಮಗ ವೇಯ್ನ್. "ಆಂಬ್ಯುಲೆನ್ಸ್ ಹೊರಟಾಯ್ತಂತೆ. ಮನೆಗೆ ತರ್ಲಿಕ್ಕೆ ಅರ್ಧ ಗಂಟೆ ಮಾತ್ರ ಪರ್ಮಿಶನ್ ಕೊಟ್ಟದ್ದು. ಈಗ ಕಾರಿನ ವಿಷಯ ಬೇಡ."

ಜೊಕಿಮ್ ಎದುರು ಬಿಲ್ಡಿಂಗಿನ ಕಡೆ ಕೈ ತೋರಿಸಿದ. ಅಲ್ಲಿನ ಮಾಲೀಕನ ಮ್ಯಾನೇಜರು ಬಾಲ್ಕನಿಯಲ್ಲಿ ನಿಂತು ಕೆಳಗಿನ ಕಾರುಗಳ ಫೋಟೋ ತೆಗೆಯುತ್ತಿದ್ದ. ಆತುರವಿಲ್ಲದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ತೆಗೆಯುತ್ತಿದ್ದ.

"ಬರುವ ವಾರ ಗ್ರೌಂಡಿನ ಬಗ್ಗೆ ಕೌನ್ಸಿಲಿನ ಮೀಟಿಂಗು" ಎಂದ ಜೊಕಿಮ್. ಅದು ವೇಯ್ನಿಗೂ ಗೊತ್ತಿತ್ತು.

*

ಆ ಜಾಗ ಹುಟ್ಟಿನಿಂದ ಮೈದಾನವಲ್ಲ. ಯಾರೋ ಕೆಡವಿದ ಮನೆಯ ಕಲ್ಲು, ಮುರಿದ ಸೋಫಾ, ಹಳೆಯ ಏಸಿ ಪೆಟ್ಟಿಗೆ, ಇವುಗಳ ಸಂದಿನಲ್ಲಿ ಕಾರುಗಳು. ವೇಯ್ನ್ ಚಿಕ್ಕವನಿದ್ದಾಗ ಅಲ್ಲಿ ಚೆಂಡಿನ ಹಿಂದೆ ಓಡಿ ಕಬ್ಬಿಣದ ಸರಳಿನ ಮೇಲೆ ಕಾಲಿಟ್ಟ. ಸರಳು ಪಾದವನ್ನೇ ತೂರಿತ್ತು. ಆಸ್ಪತ್ರೆಯಿಂದ ಬಂದ ನೆಲ್ಲಿ ಮಗನನ್ನು ಮಲಗಿಸಿ, ಕೆಲಸದ ಸೀರೆಯಲ್ಲಿಯೇ ಕೆಳಗಿಳಿದು ಕಲ್ಲು ಹೆಕ್ಕಲು ಶುರುಮಾಡಿದಳು.

ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಅವಳು. ಹಲ್ಲುನೋವಿನಿಂದ ಅಳುತ್ತ ಬಂದವರನ್ನೂ ನಗಿಸಿ ಕೂರಿಸುವ ಬಾಯಿ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಬೇಸ್‌ಬಾಲಿನ ಹಾಗಿರುವ ಸಾಫ್ಟ್‌ಬಾಲ್ ಆಡಿದ್ದಳಂತೆ. ಕಲ್ಲು ಹೆಕ್ಕಿ ಮುಗಿದ ಮೇಲೆ ಒಂದು ಶುಕ್ರವಾರ ಬ್ಯಾಟು, ಗ್ಲೌಸು ತಂದು ಬಿಲ್ಡಿಂಗಿನ ಮಕ್ಕಳನ್ನೆಲ್ಲ ಇಳಿಸಿದಳು. ಮಲಯಾಳಿ, ಪಾಕಿಸ್ತಾನಿ, ಫಿಲಿಪಿನೋ, ಬಹರೈನಿ, ಯಾರಾದರೂ ಆಗಬಹುದು, ಹುಡುಗಿಯರು ಕಡ್ಡಾಯ.

"ಕ್ರಿಕೆಟ್ ಆಡಿಸು ಮಾರಾಯ್ತಿ. ಈ ಬೇಸ್‌ಬಾಲು ಯಾರಿಗೆ ಅರ್ಥ ಆಗ್ತದೆ?" ಅಂದಿದ್ದ ಜೊಕಿಮ್.

"ಕ್ರಿಕೆಟಿನಲ್ಲಿ ಒಬ್ಬ ಗಟ್ಟಿಗ ಮಧ್ಯಾಹ್ನದವರೆಗೆ ಬ್ಯಾಟು ಬಿಡುದಿಲ್ಲ. ಇದ್ರಲ್ಲಿ ಎಲ್ಲರಿಗೂ ಸರದಿ ಬರ್ತದೆ. ಆಡ್ಲಿಕ್ಕೆ ಬಾರದವನಿಗೂ ಬರ್ತದೆ."

ಆಮೇಲೆ ಅವಳಿಗೆ ಅಷ್ಟು ಸಾಲಲಿಲ್ಲ. ಚೆಂಡು ರಸ್ತೆಗೆ ಹೋಗದಂತೆ ಬಲೆ ಬೇಕು, ಕುಡಿಯಲು ನೀರಿನ ನಲ್ಲಿ ಬೇಕು, ಬೇಸಿಗೆಯ ಸಂಜೆಗೆ ಲೈಟು ಬೇಕು. ಊರು ಬೆಳೆಯುತ್ತಿದೆ, ಸಮುದ್ರವನ್ನೇ ತುಂಬಿಸಿ ಬಿಲ್ಡಿಂಗು ಕಟ್ಟುತ್ತಾರೆ, ಮಕ್ಕಳಿಗೆ ಅಂತ ಒಂದು ಮುಷ್ಟಿ ಮಣ್ಣು ಬಿಡಲು ಇವರಿಗೇನು ಕಷ್ಟ? ಹೀಗೆ ಕೇಳುತ್ತ ಬಲದಿಯಾ ಎಂಬ ಪುರಸಭೆಯ ಕಚೇರಿಯ ಮೆಟ್ಟಿಲು ಹತ್ತಿದಳು, ಇಳಿದಳು. ಅಲ್ಲಿಯವರು ಚಹಾ ಕೊಟ್ಟು ಬುಕ್ರಾ ಬನ್ನಿ ಎನ್ನುವರು. ಆ ನಾಳೆ ವರ್ಷಗಟ್ಟಲೆ ಬರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಊರಿನವರು ನಕ್ಕರು, ಗ್ರೌಂಡ್ ನೆಲ್ಲಿ ಎಂದು ಹೆಸರಿಟ್ಟರು. ಹೆಸರು ಕೇಳಿ ಅವಳೂ ನಕ್ಕಳು.

ನಗದವನು ಜೊಕಿಮ್ ಒಬ್ಬನೇ. ಏಸಿ ರಿಪೇರಿಯ ಕೆಲಸ ಅವನದು. ಯಾರ ಮನೆಗೆ ಹೋದರೂ ಯಂತ್ರದ ಹಿಂದೆ ನಿಂತು ಕೆಲಸ ಮುಗಿಸಿ ಬರುವವನು, ಹೆಚ್ಚು ಮಾತಾಡಿ ಗೊತ್ತಿಲ್ಲ. "ನಾವು ಹೊಟ್ಟೆಪಾಡಿಗೆ ಬಂದವರು. ಅವರ ಊರು, ಅವರ ಜಾಗ. ನಮಗ್ಯಾಕೆ? ನಾಳೆ ವೀಸಾಕ್ಕೆ ತೊಂದ್ರೆ ಆದ್ರೆ?"

"ನಮಗೆ ಊರು ಉಂಟು, ಸರಿ. ವೇಯ್ನಿಗೆ ಇದಲ್ಲದೆ ಬೇರೆ ಊರು ಯಾವುದುಂಟು ಹೇಳು."

ಜೊಕಿಮ್ ಟೂಲ್ ಬಾಕ್ಸು ಎತ್ತಿಕೊಂಡು ಹೊರಗೆ ಹೋದ.

*

ಆಂಬ್ಯುಲೆನ್ಸು ಗಲ್ಲಿಯ ತಿರುವಿನಲ್ಲಿ ಕಂಡಾಗ ಜೊಕಿಮ್ ಕೆಳಗೆ ಬಂದಾಗಿತ್ತು. ಮೈದಾನ ಆಗಲೇ ತುಂಬಿತ್ತು. ನೆಲ್ಲಿಯ ತಂಡದ ಮಕ್ಕಳು ಒಳ್ಳೆಯ ಬಟ್ಟೆಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರ ಚೀಲಗಳಿಂದ ಬ್ಯಾಟುಗಳ ತುದಿ ಹೊರಗೆ ಇಣುಕುತ್ತಿತ್ತು. ಶುಕ್ರವಾರವಾದ್ದರಿಂದ ರೂಢಿಯಲ್ಲಿ ತಂದದ್ದೋ, ಆಂಟಿಯ ಹತ್ತಿರ ಇಡಲೆಂದು ತಂದದ್ದೋ, ಅವರಿಗೂ ತಿಳಿದಿರಲಿಲ್ಲ.

"ಬನ್ನಿ ಜೊಕಿಮಣ್ಣ" ಎಂದು ಪ್ರವೀಣ್ ಅವನ ಭುಜ ಹಿಡಿದ. ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ಎಷ್ಟು ಜನ ಬಂದಿದ್ದಾರೆ ನೋಡಿ. ನೆಲ್ಲಿಬಾಯಿಯ ಗ್ರೌಂಡಿನಲ್ಲಿಯೇ ಎಲ್ಲರಿಗೂ ಜಾಗ ಆಯ್ತು. ಅವರ ಆತ್ಮಕ್ಕೆ ಸಂತೋಷ ಆಗ್ತದೆ."

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸಾವಿನ ಮನೆಗೆ ಕಷ್ಟಪಟ್ಟು ಬಂದವರನ್ನು ಆಚೆ ಹೋಗಿ ಎನ್ನುವುದು ನಮ್ಮಲ್ಲಿ ಕಂಡುಕೇಳಿದ ಪದ್ಧತಿಯಲ್ಲ.

*

ಎರಡು ವರ್ಷದ ಹಿಂದೆ ಒಂದು ಸಂಜೆ ನೆಲ್ಲಿ ಅವನನ್ನು ಅಝೀಝ್ ಎಂಬ ಕೌನ್ಸಿಲ್ ಸದಸ್ಯನ ಮಜ್ಲಿಸಿಗೆ ಎಳೆದುಕೊಂಡು ಹೋಗಿದ್ದಳು. ವಾರಕ್ಕೊಮ್ಮೆ ಆತ ಮನೆಯ ಹಜಾರದ ಬಾಗಿಲು ತೆರೆದು ಕೂರುತ್ತಿದ್ದ. ಯಾರು ಬೇಕಾದರೂ ಹೋಗಿ ಅಹವಾಲು ಹೇಳಬಹುದು. "ಗಂಡ ಅಂತ ಪಕ್ಕದಲ್ಲಿ ಕೂತಿರು, ಸಾಕು. ಬಾಯಿ ನಾನು ತಂದಿದ್ದೇನೆ" ಅಂದಿದ್ದಳು.

ಒಬ್ಬ ಆಳು ಹೂಜಿ ಹಿಡಿದು ಬಂದು ಪುಟ್ಟ ಬಟ್ಟಲಿಗೆ ಏಲಕ್ಕಿ ಹಾಕಿದ ಕಹಿ ಕಾಫಿ ಸುರಿದ. ಜೊಕಿಮ್ ಕುಡಿದು ಬಟ್ಟಲು ಮುಂದೆ ಹಿಡಿದ. ಆಳು ಮತ್ತೆ ಸುರಿದ. ಕೊಟ್ಟದ್ದನ್ನು ಬಿಡುವುದು ಅಗೌರವವೆಂದು ಜೊಕಿಮ್ ಮತ್ತೆ ಕುಡಿದ. ಬಟ್ಟಲನ್ನು ಅತ್ತಿತ್ತ ಅಲುಗಾಡಿಸಿದರೆ ಸಾಕು ಎಂದರ್ಥ, ಅಲುಗಾಡಿಸದಿದ್ದರೆ ಇನ್ನೂ ಬೇಕು ಎಂದರ್ಥ. ಮೂವತ್ತು ವರ್ಷ ಈ ಊರಿನಲ್ಲಿದ್ದು ಇದು ಗೊತ್ತಿಲ್ಲದವನು ಅವನೊಬ್ಬನೇ ಇರಬೇಕು. ಎಷ್ಟೋ ಅರಬರ ಮನೆಗಳ ಏಸಿ ಬಿಚ್ಚಿ ಜೋಡಿಸಿದ್ದ, ಕುರ್ಚಿಯಲ್ಲಿ ಕೂತು ಗೊತ್ತಿರಲಿಲ್ಲ.

ಅತಿಥಿ ಕುಡಿಯುತ್ತಿರುವಾಗ ಮಾತು ಮುಗಿಯಿತೆಂದು ಯಜಮಾನ ಹೇಳುವಂತಿಲ್ಲ. ಅಝೀಝ್ ಗಡಿಯಾರ ನೋಡಿದ, ಜೊಕಿಮನ ಬಟ್ಟಲು ನೋಡಿದ, ಮತ್ತೆ ನೆಲ್ಲಿಯ ಕಡೆ ತಿರುಗಿದ. ನೆಲ್ಲಿ ಇಂಗ್ಲಿಷು, ಹಿಂದಿ, ಅರಬ್ಬಿ ಕಲಸಿ ಹೇಳುತ್ತಲೇ ಇದ್ದಳು. ಮಗನ ಪಾದದಿಂದ ಹಿಡಿದು ಬೇಸಿಗೆಯ ಲೈಟಿನವರೆಗೆ ಎಲ್ಲ ಹೇಳಿ ಮುಗಿಸಿದಳು. ಕೊನೆಗೆ ಅಝೀಝ್ ನಕ್ಕುಬಿಟ್ಟ.

"ಸಿಸ್ಟರ್, ಆ ಜಾಗ ಪಾರ್ಕಿಂಗಿಗೆ ಬೇಕೆಂದು ಎದುರು ಬಿಲ್ಡಿಂಗಿನವರು ಕೇಳಿದ್ದಾರೆ. ಎರಡು ವರ್ಷ ನಾನು ತಡೆದು ಹಿಡಿಯುತ್ತೇನೆ. ಶುಕ್ರವಾರ ಬಂದಾಗೆಲ್ಲ ಅಲ್ಲಿ ಮಕ್ಕಳು ಕಾಣಬೇಕು. ಕಂಡರೆ ಬಲೆ, ಲೈಟು, ಎಲ್ಲಕ್ಕೂ ಕೌನ್ಸಿಲಿನಲ್ಲಿ ನಾನು ಮಾತಾಡುತ್ತೇನೆ. ಕಾರು ಕಂಡರೆ ಮಾತಾಡಲು ನನಗೇನೂ ಉಳಿಯುವುದಿಲ್ಲ."

ಹೊರಗೆ ಬಂದು ನೆಲ್ಲಿ ರಸ್ತೆಯಲ್ಲೇ ಹೊಟ್ಟೆ ಹಿಡಿದು ನಕ್ಕಳು. "ನಿನ್ನಿಂದಾಯ್ತು ಮಾರಾಯ! ನೀನು ಸುಮ್ಮನೆ ಕುಡಿದದ್ದಕ್ಕೇ ಆಯ್ತು." ಜೊಕಿಮನ ಎದೆ ಆ ಕಾಫಿಗೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವನಿಗೂ ನಗು ಬಂತು, ಅವಳ ಮೇಲೆ ಬಹಳ ಪ್ರೀತಿ ಬಂತು.

*

ಆಂಬ್ಯುಲೆನ್ಸಿನ ಡ್ರೈವರ್ ಇಜಾಝ್ ಇಳಿದು ಹಿಂದಿನ ಬಾಗಿಲಿಗೆ ಕೈ ಹಾಕಿದ. ಹೆಗಲು ಕೊಡಲು ನಾಲ್ಕು ಜನ ಮುಂದೆ ಬಂದರು.

"ಇಳಿಸಬೇಡಿ" ಎಂದ ಜೊಕಿಮ್.

ಯಾರಿಗೂ ಕೇಳಿಸಲಿಲ್ಲ. ಅವನು ಹೋಗಿ ಬಿಳಿ ಜೀಪಿನ ಬಾನೆಟ್ಟಿಗೆ ಅಂಗೈಯಿಂದ ಬಡಿದ. ಆ ಸದ್ದಿಗೆ ಎಲ್ಲರೂ ತಿರುಗಿದರು.

"ಕಾರು ತೆಗೀರಿ! ಎಲ್ಲ ಕಾರು ತೆಗೀರಿ ಇಲ್ಲಿಂದ! ತೆಗೆಯದೆ ನನ್ನ ಹೆಂಡ್ತಿ ಇಳಿಯುದಿಲ್ಲ!"

ಜೊಕಿಮನ ಗಂಟಲಿನಲ್ಲಿ ಇಷ್ಟು ದೊಡ್ಡ ದನಿ ಇದ್ದದ್ದು ವೇಯ್ನಿಗೂ ಗೊತ್ತಿರಲಿಲ್ಲ. ಬಂದವರಲ್ಲಿ ಕೆಲವರ ಮುಖ ಕಪ್ಪಿಟ್ಟಿತು. "ದುಃಖ ತಲೆಗೆ ಏರಿದೆ ಪಾಪ" ಎಂದು ಯಾರೋ ಪಿಸುಗುಟ್ಟಿದರು.

"ಜೊಕಿಮಣ್ಣ, ಈಗ ತೆಗೆಸಿದ್ರೆ ಅವರೆಲ್ಲ ಎಲ್ಲಿ ಹೋಗುದು?" ಪ್ರವೀಣನ ದನಿ ಸಣ್ಣಗಾಗಿತ್ತು.

"ಎಲ್ಲಿಯಾದ್ರೂ ಹೋಗ್ಲಿ. ದೂರ ನಿಲ್ಸಿ ನಡ್ಕೊಂಡು ಬರ್ಲಿ. ಅವಳು ನಡೀಲಿಲ್ವಾ ಇಷ್ಟು ವರ್ಷ?"

ರೆಜಿನಾ ಓಡಿಬಂದಳು. "ಭಾವ, ಅರ್ಧ ಗಂಟೆ ಇದ್ರಲ್ಲೇ ಹೋಗ್ತದೆ! ಅಕ್ಕನನ್ನು ಒಮ್ಮೆ ಮನೆಯೊಳಗೆ ತರುದು ಬೇಡವಾ? ಅವಳ ಮನೆ ಅಲ್ವಾ?"

ಜೊಕಿಮ್ ಮೇಲಿನ ಬಾಲ್ಕನಿ ನೋಡಿದ. ಒಳಗೆ ಬತ್ತಿಗಳು ಉರಿಯುತ್ತಿದ್ದವು, ಅವಳ ಮಂಚದ ಮೇಲೆ ಹೊಸ ಬಿಳಿ ಚಾದರ ಹಾಸಿತ್ತು. ಅವಳನ್ನು ಕೊನೆಯ ಸಲ ಆ ಬಾಗಿಲಿನಿಂದ ಒಳಗೆ ತರಬೇಕೆಂದು ಅವನ ಜೀವವೂ ಹೊಡೆದುಕೊಳ್ಳುತ್ತಿತ್ತು. ಅವನು ಕಣ್ಣೊರೆಸಿಕೊಂಡ.

"ಮೊದಲು ಕಾರು" ಅಂದ.

ವೇಯ್ನ್ ತನ್ನ ಕಾರನ್ನು ಮೊದಲು ಹೊರಗೆ ತೆಗೆದ. ಅವನ ಹಿಂದೆ ಪ್ರವೀಣ್ ಕೈಬೀಸಿ ಒಂದೊಂದನ್ನೇ ಹೊರಡಿಸಿದ. ಹಿಂದೆ, ಮುಂದೆ, ಹಾರನ್, ಧೂಳು. ಕೆಲವರು ಸಿಟ್ಟಿನಿಂದ ಮನೆಗೇ ಹೋದರು. ಕೊನೆಯ ಕಾರು ಹೊರಟಾಗ ಇಜಾಝ್ ಜೊಕಿಮನ ಹತ್ತಿರ ಬಂದ.

"ಚಾಚಾ, ಟೈಮ್ ಖತಮ್" ಎಂದ ಮೆಲ್ಲಗೆ. "ಚರ್ಚ್ ಜಾನಾ ಹೈ."

ರೆಜಿನಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮನೆಯಲ್ಲಿ ಆಗಬೇಕಿದ್ದ ಪ್ರಾರ್ಥನೆ ಆಂಬ್ಯುಲೆನ್ಸಿನ ತೆರೆದ ಬಾಗಿಲ ಬಳಿ, ಮೈದಾನದ ಅಂಚಿನಲ್ಲಿ, ಅವಸರದಲ್ಲಿ ಶುರುವಾಯಿತು. ಎದುರು ಬಾಲ್ಕನಿಯವನು ಫೋನು ಹಿಡಿದು ಇನ್ನೂ ಅಲ್ಲೇ ಇದ್ದ. ಅವನ ಹತ್ತಿರ ಕಾರುಗಳ ಫೋಟೋ ಇತ್ತು. ಖಾಲಿ ಮೈದಾನವನ್ನು ತೋರಿಸಿ ಯಾರ ಬಾಯಿಯನ್ನೂ ಮುಚ್ಚಿಸಲಾಗದು, ಅಲ್ಲಿ ಮಕ್ಕಳು ಕಾಣಬೇಕು ಎಂದು ಜೊಕಿಮನಿಗೆ ಹೊಳೆಯಿತು.

ಅವನು ಮಕ್ಕಳ ಹತ್ತಿರ ಹೋದ. "ಆಡಿ" ಎಂದ.

ಮಕ್ಕಳು ಮುಖ ಮುಖ ನೋಡಿಕೊಂಡರು. ಚೆಂಡೆಸೆಯುವ ಆನ್ಸಿ ತಲೆ ತಗ್ಗಿಸಿದಳು. "ಅಂಕಲ್, ಹೌ ಕ್ಯಾನ್ ವಿ? ಆಂಟಿ ಅಲ್ಲಿದ್ದಾರೆ."

"ಹೌದು. ಅವಳು ನೋಡ್ತಾಳೆ."

ಯಾರೂ ಅಲುಗಲಿಲ್ಲ. ಜೊಕಿಮ್ ಒಂದು ಚೀಲದಿಂದ ಬ್ಯಾಟು ಎಳೆದು, ಕರಿ ಕೋಟಿನಲ್ಲಿಯೇ ಹೋಗಿ ನಿಂತ. ಇಷ್ಟು ವರ್ಷದಲ್ಲಿ ಒಂದು ದಿನ ಅವನು ಅದನ್ನು ಮುಟ್ಟಿರಲಿಲ್ಲ. ಪೊರಕೆ ಹಿಡಿದ ಹಾಗೆ ಹಿಡಿದಿದ್ದ. ಆನ್ಸಿ ಚಕ್ರದ ಗುರುತು ಬಿದ್ದ ದಿಬ್ಬವನ್ನು ಬೂಟಿನಿಂದ ಸರಿಮಾಡಿ, ಮೂಗು ಒರೆಸಿಕೊಂಡು, ಮೆಲ್ಲನೆ ಎಸೆದಳು. ಅವನು ಬೀಸಿದ. ಚೆಂಡು ಒಂದು ಕಡೆ, ಬ್ಯಾಟು ಒಂದು ಕಡೆ. ಒಬ್ಬ ಫಿಲಿಪಿನೋ ಹುಡುಗ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

"ಅಂಕಲ್, ಕಣ್ಣು ಮುಚ್ಬೇಡಿ" ಎಂದಳು ಆನ್ಸಿ.

ಎರಡನೆಯ ಸಲ ಅದು ಹೇಗೋ ತಗುಲಿತು. ಮಕ್ಕಳು ತಮಗರಿವಿಲ್ಲದೆ ಗೋಡೆ ಬಿಟ್ಟು ಮುಂದೆ ಬಂದಿದ್ದರು. ಚೆಂಡು ನೆಲಕ್ಕೆ ತಾಗಿಕೊಂಡೇ ಉರುಳಿ, ನಿಂತ ಜನರ ಕಾಲ ಸಂದಿನಲ್ಲಿ ನುಸುಳಿ, ಆಂಬ್ಯುಲೆನ್ಸಿನ ಅಡಿಗೆ ಹೋಗಿ ಕೂತಿತು. ಪ್ರಾರ್ಥನೆ ಹೇಳುತ್ತಿದ್ದವರು ನಿಲ್ಲಿಸಿದರು. ಇಜಾಝ್ ಒಮ್ಮೆ ಪೆಟ್ಟಿಗೆಯ ಕಡೆ, ಒಮ್ಮೆ ಮಕ್ಕಳ ಕಡೆ ನೋಡಿದ. ಆಮೇಲೆ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಧೂಳಿನ ಮೇಲೆ ಬೋರಲು ಮಲಗಿ, ನೆಲ್ಲಿಯ ಕೆಳಗಿನಿಂದ ಚೆಂಡನ್ನು ಎಳೆದು ತೆಗೆದು, ಎದ್ದು ನಿಂತು, ತೋಳು ಹಿಂದಕ್ಕೆ ಸೆಳೆದು ಬಲವಾಗಿ ಎಸೆದ. ಅದು ಲೆಕ್ಕಕ್ಕಿಂತ ಬಹಳ ಮೇಲೆ ಹೋಯಿತು. ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತ ಅದರ ಕೆಳಗೆ ಓಡಿದರು.