ಖಾಲಿ ಬಿಟ್ಟ ಮುಖ

"ಕೈ ತೆಗಿಯೇ ಮುಂಡೇದೇ! ಆ ನೀಲಿ ಬೆರಳು ಪುಸ್ತಕಕ್ಕೆ ತಾಗಿದ್ರೆ ಚರ್ಮ ಸುಲಿದುಬಿಡ್ತೀನಿ!"

ಧಣಿ ಬೈದದ್ದು ನನಗೆ. ಬಣ್ಣದ ಕಾರ್ಖಾನೆಯಲ್ಲಿ ನೂಲು ಅದ್ದುವವರ ಬೆರಳು ಸೋಪಿಗೆ ಬಗ್ಗುವುದಿಲ್ಲ. ಮದುವೆಗೆ ಹೋದರೂ ನೀಲಿ, ಸಾವಿಗೆ ಹೋದರೂ ನೀಲಿ. ಸಂಜೆ ಅಂಗಳದಲ್ಲಿ ಚಿತ್ರಕಾದಂಬರಿಯೊಂದರ ಬಿಡುಗಡೆಯಿತ್ತು. ಗ್ಲೌಸು ಹಾಕಿಕೊಂಡು ಕಟ್ಟು ಬಿಚ್ಚಿ, ಕುರ್ಚಿಗೊಂದು ಪುಸ್ತಕ ಇಡುವ ಕೆಲಸ ನನಗೂ ನನ್ನ ನಾದಿನಿಗೂ ಬಿದ್ದಿತ್ತು.

ಪುಸ್ತಕ ನಮ್ಮ ಹಾಡಿನದೇ. ತೊಟ್ಟಿಯಲ್ಲಿ ನೂಲು ತಿರುವುತ್ತ ಹೇಳುವ ಹಾಡು:

ಕಾಲು ಜಾರಿತೆ ತಂಗಿ, ಕಣ್ಣು ಜಾರಿತೆ,
ಕುದಿಯೋ ನೀಲಿ ನಿನ್ನ ಕೈಯ ಹಿಡಿಯಿತೆ.

ಆ ತಂಗಿ ನಮ್ಮಜ್ಜಿಯ ಒಡಹುಟ್ಟಿದವಳು. ಅವಳು ಜಾರಿರಲಿಲ್ಲ. ಧಣಿಯ ತಾತ ಕೋಣೆಗೆ ಕರೆದ, ಹೋಗಲಿಲ್ಲ, ತೊಟ್ಟಿಗೆ ತಳ್ಳಿದ. ಅಜ್ಜಿ ಕಣ್ಣಾರೆ ಕಂಡಿದ್ದಳು. ಹಾಡಿನ ಮೂರನೇ ಸಾಲಿನಲ್ಲಿ ಅವನ ಹೆಸರಿತ್ತು. ಹಾಡಿದವರನ್ನು ಕೆಲಸದಿಂದ ಓಡಿಸಿದರು. ಅಂದಿನಿಂದ ಆ ಸಾಲಿನಷ್ಟು ಹೊತ್ತು ನಾವು ಬಾಯಿ ಮುಚ್ಚಿ ನೂಲು ಮಾತ್ರ ತಿರುವುತ್ತೇವೆ.

ಈ ಪುಸ್ತಕದ ಚಿತ್ರ ಬರೆದ ಹುಡುಗಿಗೆ ಆ ಮೌನ ಕೇಳಿಸಿತು. ಮಳೆಗಾಲ ಪೂರ್ತಿ ನಮ್ಮ ಜೊತೆ ಕೂತಳು. ನನ್ನ ಚಹಾ ಆರಿದ್ದರೆ ತನ್ನ ಬಿಸಿಯದನ್ನು ನನ್ನ ಕಡೆ ಸರಿಸುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಬರೆದಳು. ಅಚ್ಚು ಹಾಕಿಸಲು ಮುಂದೆ ಬಂದವನು ಧಣಿಯೇ. ಕಾರ್ಖಾನೆಗೆ ಹೆಸರು ಬರುತ್ತದಲ್ಲ.

"ನಮ್ತಾತನ ಮುಖ ಒಂದು ಬೇಡಮ್ಮ. ಸತ್ತೋರಿಗೆ ಮರ್ಯಾದೆ ಕೊಡ್ಬೇಕು" ಎಂದನಂತೆ.

ಅವಳು ಬೇರೆ ಮುಖ ಬರೆಯಲಿಲ್ಲ. ಖಾಲಿ ಬಿಟ್ಟಳು.

ನಾದಿನಿ ಕಟ್ಟಿನಿಂದ ಒಂದು ಪುಸ್ತಕ ತೆಗೆದು ಆ ಪುಟ ತೆರೆದಳು. "ಇದೇನತ್ಗೆ, ಕೋಳಿಮೊಟ್ಟೆ ಬಂದು ತಳ್ತಾ ಇದೆ?"

"ಮುಖ ತೆಗೆಸಿದಾನೆ, ಹಲ್ಕಾ ನನ್ಮಗ."

"ಆ ಮೀಸೆ ಎಲ್ಹೋಯ್ತು?"

ಮೀಸೆ ಆಫೀಸಿನ ಫೋಟೋದಲ್ಲಿದೆ, ಎಮ್ಮೆಯ ಕೊಂಬಿನ ಹಾಗೆ. ಧಣಿಯೂ ಅದನ್ನೇ ಎಣ್ಣೆ ಹಚ್ಚಿ ಸಾಕಿದ್ದಾನೆ.

ನಾನು ಗ್ಲೌಸು ಬಿಚ್ಚಿದೆ. ಡಬ್ಬಿಯಲ್ಲಿದ್ದ ತಣ್ಣಗಾದ ಬಣ್ಣಕ್ಕೆ ಬೆರಳದ್ದಿ, ಖಾಲಿ ಮುಖದ ಮೇಲೆ ಆಚೆಗೊಂದು ಈಚೆಗೊಂದು ಮೀಸೆಯ ಕೊಂಬು ಎಳೆದೆ.

"ಅಯ್ಯಯ್ಯೋ, ಕೆಲಸ ಹೋಗುತ್ತೆ ಕಣತ್ಗೆ!"

"ಹೋಗ್ಲಿ. ನಿನ್ನ ಗ್ಲೌಸೂ ಬಿಚ್ಚೇ."

ಅರ್ಧ ಕಟ್ಟು ಪುಸ್ತಕಕ್ಕೆ ಮೀಸೆ ಬರುವಷ್ಟರಲ್ಲಿ ಮೇಸ್ತ್ರಿ ಬಾಗಿಲಿಗೆ ಬಂದ. ಪುಸ್ತಕ ನೋಡಿದ, ನಮ್ಮ ಕೈ ನೋಡಿದ. ಮೂಲೆಯ ಫ್ಯಾನನ್ನು ನಮ್ಮ ಕಡೆ ತಿರುಗಿಸಿ, "ಒಣಗಿಸಿ ಮುಚ್ರೇ, ಪುಟ ಅಂಟ್ಕೊಂಡೀತು" ಎಂದು ಹೊರಟುಹೋದ.

ಸಂಜೆ ಧಣಿ ಮೈಕಿನ ಮುಂದೆ ನಿಂತ. "ಆ ತಳ್ಳೋ ಚಿತ್ರ ಇರೋ ಪುಟ ತೆಗೀರಿ. ಪಾಪ ಮಾಡಿದವನಿಗೆ ಮುಖವೇ ಇರೋದಿಲ್ಲ, ಅದೇ ಕಲೆ!"

ಅತಿಥಿಗಳು ಪುಟ ತೆರೆದರು. ಚಿತ್ರ ನೋಡಿದರು, ಅವನನ್ನು ನೋಡಿದರು. ಯಾರೋ ಕಿಸಕ್ಕೆಂದರು. ಚಿತ್ರ ಬರೆದ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಧಣಿ ತನ್ನ ಪ್ರತಿ ತೆರೆದ. ಅವನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಹಾಡಲೆಂದು ಸಾಲಾಗಿ ನಿಂತಿದ್ದ ನಮ್ಮ ಕಡೆ ತಿರುಗಿದ.

"ಹಾಡ್ರೇ! ಏನ್ ನೋಡ್ತಾ ನಿಂತಿದೀರ? ಹಾಡ್ರೇ!"

ಹಾಡಿದೆವು. ಎರಡು ಸಾಲು ಮುಗಿಯಿತು. ಮೂರನೆಯದಕ್ಕೆ ನಾನು ಉಸಿರೆಳೆದುಕೊಂಡೆ. ಪಕ್ಕದಲ್ಲಿ ನಾದಿನಿಯೂ ಎಳೆದುಕೊಂಡದ್ದು ಕೇಳಿಸಿತು.