ಗಂಡಿಗೂ ಬೇಕಾದ ಹೆಣ್ಣು ಹಾರ್ಮೋನು

ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಹೆಂಡತಿಯ ಮೇಲೆ. ಒಬ್ಬ ವೆಲ್ಡರನ ಮನೆಯಲ್ಲೂ ಹಾಗೇ ಆಯಿತು; ಅವನ ತಾಯಿ ಸೊಸೆಯನ್ನೇ ಕೇಳುತ್ತಿದ್ದರು. ಬಟ್ಟೆ ಹೊಲಿಯುವ ಅವನ ಹೆಂಡತಿ ಎರಡು ಸಲ ರಕ್ತ ಪರೀಕ್ಷೆ, ಒಂದು ಸಲ ಸ್ಕ್ಯಾನಿಂಗ್ ಮಾಡಿಸಿಕೊಂಡಳು. ಯಾವುದರಲ್ಲೂ ದೋಷ ಕಾಣಲಿಲ್ಲ. ವೆಲ್ಡರ್ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. "ನನಗೇನಾಗಿದೆ? ನೂರು ಕಿಲೋ ಎತ್ತುತ್ತೀನಿ" ಎನ್ನುತ್ತಿದ್ದ.

ಒಂದು ಭಾನುವಾರ ಅವನ ಅಕ್ಕ ಬಂದಳು. ಅವಳು ಔಷಧ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವವಳು. ಪಂಜರ ತೊಳೆದು, ಆಹಾರ ಹಾಕಿ, ತೂಕ ಬರೆಯುವ ಕೆಲಸ. ನೀರಿಗೆಂದು ಫ್ರಿಜ್ ತೆರೆದವಳಿಗೆ ಮೊಟ್ಟೆ ಇಡುವ ಜಾಗದಲ್ಲಿ ಮಾತ್ರೆಯ ಹಾಳೆ ಕಂಡಿತು.

"ಯಾರದೋ ಇದು?"

"ನಂದೇ. ಜಿಮ್‌ನಲ್ಲಿ ಕೊಟ್ರು. ಮೈಯಲ್ಲಿರೋ ಹೆಣ್ಣು ಹಾರ್ಮೋನು ತಡೆಯುತ್ತಂತೆ. ಗಂಡಸಿಗೆ ಅದ್ಯಾಕೆ ಹೇಳಕ್ಕಾ?"

"ಎಷ್ಟು ದಿನದಿಂದ ನುಂಗ್ತಿದೀಯ?"

"ಒಂದೂವರೆ ವರ್ಷ ಆಯ್ತು."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಆ ಹಾರ್ಮೋನಿಗೆ ಈಸ್ಟ್ರೋಜನ್ ಅಂತಾರೆ. ಅದನ್ನ ತಡೆಯೋ ಔಷಧಾನ ನಮ್ಮಲ್ಲಿ ಗಂಡಿಲಿಗಳಿಗೆ ಕೊಟ್ಟಿದ್ರು. ಬೀಜದಿಂದ ವೀರ್ಯಾಣು ಹೊರಗೆ ಬರೋಕೆ ಸಣ್ಣ ಸಣ್ಣ ಕೊಳವೆ ಇರ್ತವೆ. ಜೊತೇಲಿ ಬರೋ ನೀರನ್ನ ಆ ಕೊಳವೆ ಹೀರ್ಕೋಬೇಕು. ಈಸ್ಟ್ರೋಜನ್ ಕೆಲಸ ಮಾಡ್ದಿದ್ರೆ ನೀರು ಅಲ್ಲೇ ನಿಲ್ಲುತ್ತೆ, ಒತ್ತಡ ಬೀಜದ ಮೇಲೆ ಬೀಳುತ್ತೆ. ಇಲಿಗಳ ಬೀಜ ಮೊದಲು ಊದ್ಕೊಂಡ್ವು, ಆಮೇಲೆ ಸೊರಗಿ ಹೋದ್ವು. ಹೆಣ್ಣಿಲಿ ಜೊತೆ ಬಿಟ್ರೂ ಮರಿ ಆಗ್ಲಿಲ್ಲ."

"ನಾನೇನು ಇಲಿನಾ?" ವೆಲ್ಡರ್ ನಕ್ಕ.

"ಇಲಿಗಾದದ್ದೇ ನಿನಗೂ ಆಗುತ್ತೆ ಅಂತ ನಾನು ಹೇಳಲ್ಲ. ಆಗಲ್ಲ ಅಂತ ನಿನ್ನ ಜಿಮ್‌ನವನು ಹೇಗೆ ಹೇಳ್ತಾನೆ? ಇಲಿಗಳನ್ನಾದ್ರೆ ನಾವು ವಾರವಾರ ತೂಗಿ, ಪರೀಕ್ಷೆ ಮಾಡ್ತಿದ್ವಿ. ನಿನ್ನನ್ನ ಯಾರಪ್ಪ ನೋಡ್ಕೊಂಡ್ರು?"

ಹೊಲಿಗೆ ಯಂತ್ರ ನಿಲ್ಲಿಸಿ ಹೆಂಡತಿ ಹೇಳಿದಳು: "ನಾನು ಎರಡು ಸಲ ಸೂಜಿ ಚುಚ್ಚಿಸ್ಕೊಂಡೆ. ನೀವು ಒಂದು ಸಲ ಬನ್ನಿ."

ವಾರದೊಳಗೆ ಪರೀಕ್ಷೆಯಾಯಿತು. ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆಯಿತ್ತು.

"ಈ ಮಾತ್ರೆಯಿಂದಲೇ ಅಂತ ಖಚಿತವಾಗಿ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. "ಕೆಲವು ಗಂಡಸರಿಗೆ ನಾವೇ ಇಂಥ ಔಷಧ ಕೊಡೋದುಂಟು. ಆದ್ರೆ ಹಾರ್ಮೋನು ಅಳೆದು, ಲೆಕ್ಕ ನೋಡಿ ಕೊಡ್ತೀವಿ. ಇದನ್ನ ನಿಲ್ಲಿಸಿ. ಹೊಸ ವೀರ್ಯಾಣು ತಯಾರಾಗೋಕೆ ಹೆಚ್ಚುಕಮ್ಮಿ ಮೂರು ತಿಂಗಳು ಬೇಕು. ಆಮೇಲೆ ಮತ್ತೆ ನೋಡೋಣ."

ನಾಲ್ಕು ತಿಂಗಳ ನಂತರ ಸಂಖ್ಯೆ ಏರಿತ್ತು. ಇನ್ನೂ ಪೂರ್ತಿ ಸರಿಹೋಗಿರಲಿಲ್ಲ, ಚಿಕಿತ್ಸೆ ಮುಂದುವರಿಯಿತು. ಆ ದಿನ ವೆಲ್ಡರ್ ಎರಡೂ ವರದಿಗಳನ್ನು ತನ್ನ ತಾಯಿಯ ಮುಂದಿಟ್ಟ.

"ಸೊಸೇದಾ?" ಎಂದರು ತಾಯಿ.

"ನಂದಮ್ಮಾ. ಇನ್ಮೇಲೆ ಅವಳನ್ನ ಏನೂ ಕೇಳಬೇಡ. ನನ್ನನ್ನ ಕೇಳು."

ಓದುತ್ತಿರುವ ಅಣ್ಣತಮ್ಮಂದಿರೇ, ಹೆಣ್ಣಿನದೆಂದು ಹೆಸರಾದ ಈ ಹಾರ್ಮೋನು ನಿಮ್ಮ ಮೈಗೂ ಬೇಕು. ಅದನ್ನು ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ, ಆ ಹಾಳೆಯನ್ನು ಜೇಬಿಗೆ ಹಾಕಿಕೊಂಡು ನಾಳೆಯೇ ಆಸ್ಪತ್ರೆಗೆ ಹೋಗಿ. ಮಗು ಬೇಕೆಂದು ಪರೀಕ್ಷೆಗೆ ಹೊರಟರೆ, ಗಂಡಹೆಂಡಿರಿಬ್ಬರೂ ಒಟ್ಟಿಗೆ ಹೊರಡಿ.