ನಾದಿನಿಯ ದೂರು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದವನು ಸಮವಸ್ತ್ರದಲ್ಲಿರಲಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕಂಕುಳಲ್ಲಿ ಕಡತ. ಡೊಮಿನಿಕನ್ ಗಣರಾಜ್ಯದ ಮಾವೊ ಪಟ್ಟಣದ ಅಂಚಿನ ಆ ಓಣಿಗೆ ಇಸ್ತ್ರಿ ಅಂಗಿಯವರು ಬರುವುದು ಎರಡೇ ಕಾರಣಕ್ಕೆ, ಮತ ಕೇಳಲು ಅಥವಾ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಹೈಟಿಯವರನ್ನು ಹಿಡಿಯಲು. ಚುನಾವಣೆ ಮುಗಿದು ವರ್ಷವಾಗಿತ್ತು. ಅಂಗಡಿಯ ನೆನೊ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ.

ಸಿಳ್ಳೆ ಕೇಳಿದರೆ ಏನು ಮಾಡಬೇಕೆಂದು ಓಣಿಗೆ ಗೊತ್ತು. ಹೈಟಿಯವರು ಹಿತ್ತಲ ಬೇಲಿ ದಾಟಿ ಬಾಳೆತೋಟ ಸೇರುತ್ತಾರೆ. ಡೊಮಿನಿಕನ್ನರು ಏನೂ ಅರಿಯದ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ವಲಸೆ ಇಲಾಖೆಯ ಜಾಲರಿ ಟ್ರಕ್ಕು ಬಂದಾಗಲೆಲ್ಲ ನಡೆಯುತ್ತಿದ್ದದ್ದು ಇದೇ.

ಗೆರ್ಲೀನ್ ಆಗ ಶಾಲೆಯ ಗೇಟಿನ ಬಳಿ ಕಡಲೆಕಾಯಿ ಚಿಕ್ಕಿ ಮಾರುತ್ತಿದ್ದಳು. ಮಧ್ಯಾಹ್ನ ಬುಟ್ಟಿ ಹೊತ್ತು ಬಂದಾಗ ನೆನೊ ಅವಳನ್ನು ಕರೆದು ನಿಲ್ಲಿಸಿಕೊಂಡ.

"ನಿನ್ನ ಕೇಳ್ಕೊಂಡು ಒಬ್ಬ ಬಂದಿದ್ದ ಕಣೇ. ಪೂರ್ತಿ ಹೆಸರು ಹಿಡಿದು ಕೇಳ್ದ. ಅಂಥ ಹೆಸರೇ ಕೇಳಿಲ್ಲ ಅಂದೆ. ಎವರಿಸ್ಟೊ ಹೆಂಡ್ತಿ ಅಂದ. ಅವನಿಗೆಲ್ಲಿ ಹೆಂಡ್ತಿ ಸ್ವಾಮಿ, ಬೈಕನ್ನೇ ತಬ್ಬಿಕೊಂಡು ಮಲಗ್ತಾನೆ ಅಂದೆ."

ಡಾಮಿನೋ ಆಡುತ್ತಿದ್ದ ಇಬ್ಬರು ನಕ್ಕರು. ತಾವೂ ಹಾಗೇ ಹೇಳಿದೆವು ಎಂದರು. ಒಬ್ಬನಂತೂ ಸಹಿಯನ್ನೂ ಹಾಕಿಕೊಟ್ಟಿದ್ದ.

ಗೆರ್ಲೀನ್ ಬುಟ್ಟಿ ಕೆಳಗಿಟ್ಟಳು. ಆ ನೀಲಿ ಅಂಗಿಯವನಿಗಾಗಿ ಅವಳು ನಾಲ್ಕು ತಿಂಗಳಿಂದ ಕಾಯುತ್ತಿದ್ದಳು. ಅವನು ಹಿಡಿಯಲು ಬಂದವನಲ್ಲ. ಡೊಮಿನಿಕನ್ ಗಂಡನ ಜೊತೆ ಒಂದೇ ಸೂರಿನಡಿ ಇದ್ದಾಳೆಯೇ ಎಂದು ಖಾತ್ರಿ ಮಾಡಿಕೊಂಡು, ಅವಳ ವಾಸದ ಪರವಾನಗಿಗೆ ಶಿಫಾರಸು ಬರೆಯಬೇಕಿದ್ದವನು.

ಅರ್ಜಿ ಹಾಕಿದ್ದನ್ನು ಅವರು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ ಎಂದು ಎವರಿಸ್ಟೊ ಹೆದರಿದ್ದ. ಅವನ ಅಕ್ಕ ದೊಮಿತಿಲಾ ಮೂರು ಮನೆ ಆಚೆಗೇ ಇದ್ದಳು. ತಾಯಿಯ ಮನೆ ತಮ್ಮನಿಗೆ ಹೋಗಿ, ಅದರಲ್ಲಿ ಹೈಟಿಯವಳು ಬಂದು ಕೂತ ದಿನದಿಂದ, ಅಂದರೆ ಒಂಬತ್ತು ವರ್ಷಗಳಿಂದ, ಆ ಹೊಸ್ತಿಲು ತುಳಿದಿರಲಿಲ್ಲ.

ಶುಕ್ರವಾರ ಗಂಡಹೆಂಡಿರು ವಲಸೆ ಕಚೇರಿಗೆ ಹೋದರು. ಗುಮಾಸ್ತೆ ಕಡತ ತೆರೆದು ತಲೆ ಎತ್ತದೆ ಓದಿದಳು. "ವಿಳಾಸದಲ್ಲಿ ಅಂಥ ಹೆಂಗಸಿಲ್ಲ. ಮೂವರು ಸಾಕ್ಷಿ. ಕಾಗದದ ಮದುವೆ."

"ಎಂಟು ವರ್ಷದ ಮಗಳಿದಾಳೆ ಮೇಡಂ," ಎಂದ ಎವರಿಸ್ಟೊ.

"ಮಗಳು ಡೊಮಿನಿಕನ್. ಅವಳನ್ನ ಯಾರೂ ಕೇಳಿಲ್ಲ. ಅವಳು ಇಲ್ಲೇ ಇರ್ಲಿ." ಗುಮಾಸ್ತೆ ಪೆನ್ನಿನ ತುದಿಯಿಂದ ಗೆರ್ಲೀನಳನ್ನು ತೋರಿಸಿದಳು. "ಈಗ ಇರೋದು ಇವಳ ಮಾತು."

"ಹೆದರಿ ಸುಳ್ಳು ಹೇಳಿದ್ದಾರೆ. ಕರ್ಕೊಂಡು ಬರ್ತೀನಿ, ನಿಮ್ಮೆದುರೇ ನಿಜ ಹೇಳ್ತಾರೆ."

"ಮಂಗಳವಾರ ಒಂದು, ಶುಕ್ರವಾರ ಒಂದಾ? ಸಹಿ ಹಾಕಿದವನನ್ನ ಮೊದಲು ಒಳಗೆ ಹಾಕ್ಬೇಕಾಗತ್ತೆ." ಅವಳು ಹಾಳೆ ತಿರುವಿದಳು. "ಅದೂ ಅಲ್ದೆ ಮೂರು ವರ್ಷದ ಹಿಂದೆ ಇದೇ ವಿಳಾಸಕ್ಕೆ ಒಂದು ದೂರು ಬಂದಿತ್ತು. ಅಲ್ಲೊಬ್ಬಳು ಹೈಟಿಯವಳು ಸಂಸಾರ ಮಾಡ್ಕೊಂಡಿದಾಳೆ ಅಂತ. ಟ್ರಕ್ಕು ಹೋಯ್ತು, ಯಾರೂ ಸಿಗ್ಲಿಲ್ಲ. ದೂರು ಸುಳ್ಳು ಅಂತ ಮುಚ್ಚಿದ್ದಾರೆ. ಆಕ್ಷೇಪಣೆಗೆ ಹದಿನೈದು ದಿನ ಇದೆ. ಹೊಸ ಸಾಕ್ಷಿ ಇದ್ರೆ ತನ್ನಿ, ಇಲ್ಲಾಂದ್ರೆ ಇವಳು ಗಡಿ ದಾಟ್ಲಿ. ಮುಂದಿನವರು."

ಹೊರಗೆ ಬೈಕಿನ ಹತ್ತಿರ ಎವರಿಸ್ಟೊ ಬಹಳ ಹೊತ್ತು ಬೀಗದ ಕೈ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

"ಆ ದೂರು ಕೊಟ್ಟಿದ್ದು ಯಾರು?" ಎಂದು ಕೇಳಿದಳು ಗೆರ್ಲೀನ್.

"ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಟ್ರಕ್ಕು ಬಂದ ಆ ರಾತ್ರಿ ಬಾಳೆತೋಟದ ಕಾಲುವೆಯಲ್ಲಿ ಸೊಂಟದ ತನಕ ನೀರಲ್ಲಿ, ಐದು ವರ್ಷದ ಮಗುವಿನ ಬಾಯಿಗೆ ಕೈ ಒತ್ತಿ ನಿಂತಿದ್ದು ಅವಳೇ.

ಭಾನುವಾರ ಪೂಜೆ ಮುಗಿಸಿ ದೊಮಿತಿಲಾ ಹೊಸ್ತಿಲಲ್ಲಿ ಕೂತು ಯುಕ್ಕಾ ಗೆಡ್ಡೆ ಸುಲಿಯುತ್ತಿದ್ದಾಗ ಗೆರ್ಲೀನ್ ಒಬ್ಬಳೇ ಹೋದಳು. ಬೇಲಿಯ ಹೊರಗೇ ನಿಂತಳು.

"ಅತ್ತಿಗೆ."

"ಯಾರಿಗೆ ಯಾರೇ ಅತ್ತಿಗೆ? ನಮ್ಮಮ್ಮ ಹೆತ್ತಿದ್ದು ಇಬ್ಬರನ್ನೇ, ಅದರಲ್ಲೊಬ್ಬ ದಡ್ಡ. ಆಚೆ ನಿಂತು ಮಾತಾಡು, ಅಥವಾ ಮಾತಾಡದೇ ಹೋಗು."

"ನಂಗೊಂದು ಸಾಕ್ಷಿ ಬೇಕು."

ದೊಮಿತಿಲಾ ಚಾಕು ನಿಲ್ಲಿಸಿದಳು. ಆಮೇಲೆ ನಕ್ಕಳು. "ಧೈರ್ಯ ಇದೆ ಕಣೇ ನಿಂಗೆ. ನನ್ನ ಬಾಯಿಂದ ನಿಂಗೆ ಒಳ್ಳೇ ಮಾತಾ?"

"ಒಳ್ಳೇದು ಹೇಳ್ಬೇಡಿ. ಅವತ್ತು ಬರೆದುಕೊಟ್ಟಿದ್ದನ್ನೇ ಹೇಳಿ. ನಾನು ನಿಮ್ಮಮ್ಮನ ಮನೇಲಿ, ನಿಮ್ಮ ತಮ್ಮನ ಜೊತೆ ಸಂಸಾರ ಮಾಡ್ತಿದೀನಿ ಅಂತ. ನಿಮ್ಮ ದೂರನ್ನ ಸುಳ್ಳು ಅಂತ ಬರೆದು ಮುಚ್ಚಿದ್ದಾರೆ."

"ಯಾರು ಬರೆದವರು?"

"ಕಚೇರಿಯವರು. ಮೊನ್ನೆ ಆ ಹೆಂಗಸು ನನ್ನೆದುರೇ ಓದಿದಳು. ಅವರ ಲೆಕ್ಕದಲ್ಲಿ ನೆನೊ ಹೇಳಿದ್ದು ನಿಜ, ದೊಮಿತಿಲಾ ಬರೆದಿದ್ದು ಸುಳ್ಳು."

ದೊಮಿತಿಲಾ ಇಪ್ಪತ್ತೆರಡು ವರ್ಷ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಕಡಿಮೆ ತೂಗುವ ನೆನೊನ ತಕ್ಕಡಿಯನ್ನು ಬೀದಿಯಲ್ಲಿ ನಿಂತು ಬೈದವಳು ಆ ಓಣಿಯಲ್ಲಿ ಅವಳೊಬ್ಬಳೇ. ಅವಳು ಚಾಕುವನ್ನು ನೀರಲ್ಲಿ ಅದ್ದಿ, ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆಗೆ ಒರೆಸಿದಳು.

"ನೀನು ಉಳಿಯೋದಕ್ಕೆ ನಾನು ಬೇಕು."

"ಹೌದು."

"ನಾನು ಬರದೇ ಇದ್ರೆ ನೀನು ಗಡಿ ಸೇತುವೆ ಆಚೆ."

"ಹೌದು. ಯೆಲೆನಿ ಈಚೆ."

"ಮಗು ಹೆಸರು ತೆಗೆದು ನನ್ನ ಕರಗಿಸ್ಬೇಡ. ಅದು ನಂಗೆ ಬರಲ್ಲ." ಅವಳು ಗೆಡ್ಡೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಯ ಸಾಲಿನಲ್ಲಿ ದೊಮಿತಿಲಾ ಮೊದಲನೆಯವಳಾಗಿ ನಿಂತಿದ್ದಳು. ಹೊಸ ಚಪ್ಪಲಿ, ಕೈಯಲ್ಲಿ ದೂರಿನ ಮುದ್ರೆ ಬಿದ್ದ ಪ್ರತಿ. ಆಕ್ಷೇಪಣೆ ಹಾಕಲು ಹೆಂಡತಿಯ ಜೊತೆ ಬಂದಿದ್ದ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ಸುಳ್ಳು ಅಂತ ಬರೆದವನು ಯಾರು? ಅವನನ್ನ ಕರೀರಿ," ಎಂದಳು ಗುಮಾಸ್ತೆಗೆ.

"ಅವರಿಗೆ ವರ್ಗ ಆಗಿದೆ. ಅಮ್ಮಾ, ಈ ಹೆಂಗಸು ಅಲ್ಲಿ ಇದಾಳೋ ಇಲ್ವೋ?"

"ಇದಾಳೆ. ಒಂಬತ್ತು ವರ್ಷದಿಂದ ಇದಾಳೆ. ನಮ್ಮಮ್ಮನ ಮಂಚದ ಮೇಲೆ, ಗೋಡೆ ಪಕ್ಕ ಮಲಗ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಬೆಲ್ಲ ಕಾಯಿಸ್ತಾಳೆ, ಹೊಗೆ ಮೂರು ಮನೆ ದಾಟಿ ನನ್ನ ಪರದೆ ಹಾಳು ಮಾಡತ್ತೆ. ನನ್ನ ತಮ್ಮನ ಪ್ಯಾಂಟು ತಂತಿ ಮೇಲೆ ಹರವೋದು ಇವಳೇ, ಅದೂ ಉಲ್ಟಾ. ಜ್ವರ ಬಂದಾಗ ಅವನನ್ನ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದೂ ಇವಳೇ, ನನ್ನ ಕರೀಲಿಲ್ಲ."

ಗುಮಾಸ್ತೆ ಎಲ್ಲವನ್ನೂ ಬೆರಳಚ್ಚು ಮಾಡಿದಳು. "ಹೆಂಡತಿಯ ಹಾಗೆ ಇದ್ದಾಳಾ?"

"ಮತ್ತೇನು, ಸನ್ಯಾಸಿನಿ ಹಾಗಾ?"

"ಮದುವೆ ನಿಜವಾದದ್ದು ಅಂತೀರಾ?"

ದೊಮಿತಿಲಾ ಆಗ ಮೊದಲ ಸಲ ಹಿಂದೆ ತಿರುಗಿದಳು. ಗೋಡೆಗೆ ಒರಗಿ ನಿಂತಿದ್ದ ಗೆರ್ಲೀನಳನ್ನು ನೋಡಿದಳು. ಇಲ್ಲ ಎಂದರೆ ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು, ಇಬ್ಬರಿಗೂ ಅದು ಗೊತ್ತಿತ್ತು.

"ನಿಜ," ಎಂದಳು. "ಅದೇ ನಮ್ಮ ಕರ್ಮ. ಬರ್ಕೊಳ್ಳಿ."

ಇಪ್ಪತ್ತು ದಿನಗಳ ನಂತರ ಗೆರ್ಲೀನಳಿಗೆ ಒಂದು ವರ್ಷದ ವಾಸದ ಕಾರ್ಡು ಬಂತು. ಹಿಂದೆ ಮೂವರು ಅಲ್ಲಗಳೆದಿದ್ದರಿಂದ ಪ್ರತಿ ನವೀಕರಣಕ್ಕೂ ಇದೇ ಸಾಕ್ಷಿಯೇ ಹಾಜರಾಗಿ ಹೇಳಿಕೆ ಕೊಡಬೇಕು ಎಂಬ ಷರತ್ತು ಜೊತೆಯ ಪತ್ರದಲ್ಲಿತ್ತು. ಪತ್ರದ ಇನ್ನೊಂದು ಪ್ರತಿ ದೊಮಿತಿಲಾಗೂ ಹೋಗಿತ್ತು.

ಆ ಭಾನುವಾರ ಹನ್ನೊಂದು ಗಂಟೆಗೆ ಅವಳು ಬಾಗಿಲು ತಟ್ಟದೆ ಒಳಗೆ ಬಂದಳು. ಎವರಿಸ್ಟೊ ಎದ್ದು ನಿಂತ. ಅವಳು ಅವನನ್ನು ದಾಟಿ ಮಲಗುವ ಕೋಣೆಗೆ ಹೋಗಿ ಮಂಚ ನೋಡಿದಳು, ಕಪಾಟು ತೆರೆದು ಒಂದೊಂದಾಗಿ ಬಟ್ಟೆ ಎಣಿಸಿದಳು, ಮಗುವಿನ ಶಾಲೆಯ ಪುಸ್ತಕ ತಿರುವಿ ಹಾಕಿದಳು.

"ಏನಕ್ಕಾ ಇದು?" ಎಂದ ಎವರಿಸ್ಟೊ.

"ಸಾಕ್ಷಿ ಹೇಳೋಳು ಕಣ್ಣಾರೆ ನೋಡ್ಬೇಕು. ಹೋದ ಸಲ ಬೇಲಿ ಆಚೆಯಿಂದ ನೋಡಿದ್ದು ಹೇಳಿದೆ. ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ." ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ಅವರೆಕಾಳಿನ ಸಾರಿನ ವಾಸನೆ ನೋಡಿದಳು. "ನಮ್ಮಮ್ಮನ ಪಾತ್ರೇಲಿ ಇದೇನು ಮಾಡಿಟ್ಟಿದೀಯ?"

ಗೆರ್ಲೀನಳ ಬಾಯಿಗೆ ಒಂದು ಉತ್ತರ ಬಂದಿತ್ತು, ಒಳ್ಳೆಯ ಖಾರವಾದ ಉತ್ತರ. ಅವಳು ಕ್ಯಾಲೆಂಡರಿನ ಕಡೆ ನೋಡಿದಳು. ಇನ್ನು ಐವತ್ತೊಂದು ಭಾನುವಾರ ಬಾಕಿ ಇದ್ದವು, ಆಮೇಲೆ ಮತ್ತೆ ಮೊದಲಿಂದ.

ಕುರ್ಚಿ ಎಳೆದು ಹಾಕಿದಳು. ದೊಮಿತಿಲಾ ಕೂತಳು.